ಅಪ್ರಾಪ್ತ ವಯಸ್ಸಿನ ಮಕ್ಕಳೊಂದಿಗೆ ಕ್ಯಾಸಿನೊಗಳಿರುವ ಊರಿಗೆ ಪ್ರವಾಸ: ಯಾವುದಕ್ಕೆ ಅವಕಾಶವಿದೆ, ಯಾವುದಕ್ಕಿಲ್ಲ?

ಪ್ರಶ್ನೆ: ದೂರದಾರಿ

ಎಲ್ಲರಿಗೂ ನಮಸ್ಕಾರ. ಮುಂದಿನ ರಜೆಯಲ್ಲಿ ನಾವು ಕುಟುಂಬ ಸಮೇತ ಅಮೆರಿಕದ ಪಶ್ಚಿಮ ಭಾಗವನ್ನು ನೋಡಲು ಹೊರಟಿದ್ದೇವೆ. ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುವ ಮೊದಲು ಲಾಸ್ ವೇಗಸ್‌ನಲ್ಲಿ ಕೆಲವು ರಾತ್ರಿ ತಂಗುವುದೆಂದು ಹಿರಿಯರೆಲ್ಲ ಸೇರಿ ನಿಶ್ಚಯಿಸಿದ್ದಾರೆ. ನಮ್ಮ ಜೊತೆಯಲ್ಲಿ 14 ವರ್ಷದ ಮಗ, 8 ವರ್ಷದ ಮಗಳು, ನಮ್ಮ ಅತ್ತೆಯವರು ಮತ್ತು ಭಾವನವರ ಮಗ ಇರುತ್ತಾರೆ. ಭಾವನವರ ಮಗನಿಗೆ ಈಗ 19 ತುಂಬಿದೆ.

ನಮ್ಮ ಯಜಮಾನರಿಗೆ ಒಂದು ಸಂಜೆಯಾದರೂ ಜೂಜಿನ ಮೇಜಿನ ಮುಂದೆ ಕುಳಿತು ಆಡಿ ನೋಡಬೇಕೆಂಬ ಆಸೆಯಿದೆ. ಅದಕ್ಕೆಂದು ಇಷ್ಟೇ ಹಣವೆಂದು ಮೊದಲೇ ಎತ್ತಿಟ್ಟಿದ್ದಾರೆ. ನನಗೆ ಅದರಲ್ಲಿ ಆಕ್ಷೇಪವಿಲ್ಲ. ಆದರೆ ಆ ಹೊತ್ತಿನಲ್ಲಿ ಮಕ್ಕಳ ಪಾಡೇನು ಎಂಬ ವಿಷಯದಲ್ಲಿ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಿದ್ದಾರೆ. ಮಕ್ಕಳು ತಂದೆಯ ಬೆನ್ನ ಹಿಂದೆ ಸುಮ್ಮನೆ ನಿಂತು ನೋಡಿದರೆ ಯಾರೂ ಏನೂ ಅನ್ನುವುದಿಲ್ಲ ಎಂಬುದು ಒಬ್ಬರ ಅಭಿಪ್ರಾಯ. ಅದೇ ಹೋಟೆಲಿನಲ್ಲಿ ಮಕ್ಕಳಿಗಾಗಿ ವಿಡಿಯೊ ಗೇಮ್ ಆಡುವ ವಿಭಾಗವಿರುತ್ತದೆ, ಅಲ್ಲಿ ಒಂದೆರಡು ಗಂಟೆ ಬಿಟ್ಟರಾಯಿತು ಎಂಬುದು ಇನ್ನೊಬ್ಬರದು. ಭಾವನವರ ಮಗನಂತೂ ತಾನು ವಯಸ್ಕನೆಂದೂ, ತಾನು ಚಿಕ್ಕಪ್ಪನ ಜೊತೆಯಲ್ಲೇ ಆಡುವೆನೆಂದೂ ಈಗಾಗಲೇ ಹೇಳಿಕೊಂಡು ತಿರುಗುತ್ತಿದ್ದಾನೆ.

ನನಗೆ ತಿಳಿಯಬೇಕಿರುವುದು ಇಷ್ಟು. ಮಕ್ಕಳು ಕ್ಯಾಸಿನೊ ಇರುವ ಕಟ್ಟಡದೊಳಗೆ ಕಾಲಿಡಬಹುದೇ? ಇಡಬಹುದಾದರೆ ಎಲ್ಲಿಯವರೆಗೆ? ಹೋಗಿ ಬಂದ ಕುಟುಂಬಗಳು ಆ ಸಂಜೆಗಳನ್ನು ಹೇಗೆ ಹೊಂದಿಸಿಕೊಂಡವು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಾಲುಹಾದಿ

ದೂರದಾರಿಯವರೇ, ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ, ಏಕೆಂದರೆ ಅದರಲ್ಲಿ ಮನೆಯವರ ಅಭಿಪ್ರಾಯಕ್ಕೆ ಎಡೆಯಿಲ್ಲ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಜೂಜಾಡಲು 21 ವರ್ಷ ತುಂಬಿರಲೇಬೇಕು. ಬೇರೆಲ್ಲ ವಿಷಯಗಳಲ್ಲಿ 18ಕ್ಕೆ ವಯಸ್ಕರೆನಿಸಿಕೊಂಡವರೂ ಅಲ್ಲಿ ಮೇಜಿನ ಮುಂದೆ ಕೂರುವಂತಿಲ್ಲ. ಮದ್ಯಕ್ಕೂ ಇದೇ ವಯಸ್ಸಿನ ಮಿತಿ. ಆದ್ದರಿಂದ ಈ ಪ್ರವಾಸದ ಮಟ್ಟಿಗೆ ನಿಮ್ಮ ಭಾವನವರ ಮಗನೂ ಮಕ್ಕಳ ಸಾಲಿನಲ್ಲೇ ನಿಲ್ಲುತ್ತಾನೆ. ಇದನ್ನು ಹೊರಡುವ ಮೊದಲೇ ಅವನಿಗೆ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಅಲ್ಲಿಗೆ ಹೋದ ಮೇಲೆ, ಎಲ್ಲರ ಎದುರಿನಲ್ಲಿ ಕಾವಲುಗಾರರು ಪಾಸ್‌ಪೋರ್ಟ್ ಕೇಳಿ ಅವನನ್ನು ಎಬ್ಬಿಸಿ ಕಳುಹಿಸಿದರೆ ಆ ವಯಸ್ಸಿನ ಹುಡುಗನಿಗೆ ಆಗುವ ಮುಖಭಂಗ ಸಣ್ಣದಲ್ಲ.

ಇನ್ನು ಕಟ್ಟಡದೊಳಗೆ ಹೋಗುವ ಪ್ರಶ್ನೆ. ಲಾಸ್ ವೇಗಸ್‌ನ ದೊಡ್ಡ ಹೋಟೆಲುಗಳ ವಿನ್ಯಾಸವೇ ಹೇಗಿದೆಯೆಂದರೆ, ಕೋಣೆಯ ಕೀಲಿ ಪಡೆಯುವ ಕೌಂಟರ್, ಲಿಫ್ಟ್, ಊಟದ ಜಾಗ, ನಾಟಕಶಾಲೆ, ಈಜುಕೊಳ, ಎಲ್ಲದಕ್ಕೂ ಹೋಗುವ ದಾರಿ ಜೂಜಿನ ಅಂಗಳದ ಪಕ್ಕದಲ್ಲಿಯೋ ನಡುವೆಯೋ ಸಾಗುತ್ತದೆ. ಹೀಗಾಗಿ ಮಕ್ಕಳು ದೊಡ್ಡವರೊಂದಿಗೆ ಆ ಅಂಗಳವನ್ನು ದಾಟಿ ಹೋಗಲು ಅಡ್ಡಿಯಿಲ್ಲ. ಅಲ್ಲಿ ನಿಲ್ಲುವುದಕ್ಕೆ, ಕೂರುವುದಕ್ಕೆ, ಸುತ್ತಾಡುತ್ತ ಕಾಲ ಕಳೆಯುವುದಕ್ಕೆ ಮಾತ್ರ ಅವಕಾಶವಿಲ್ಲ. ಬೆನ್ನ ಹಿಂದೆ ನಿಂತು ನೋಡಬಹುದೆಂದು ಹೇಳಿದವರ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ. ನೋಡುವುದೂ ನಿಲ್ಲುವುದೇ.

ಒಳಗೆ ಹೋದಾಗ ನೆಲವನ್ನು ಗಮನಿಸಿ. ಅನೇಕ ಕಡೆ ನಡೆಯುವ ದಾರಿಗೆ ನುಣುಪಾದ ಕಲ್ಲು ಹಾಸಿರುತ್ತಾರೆ, ಯಂತ್ರಗಳೂ ಮೇಜುಗಳೂ ಇರುವ ಕಡೆ ಬಣ್ಣಬಣ್ಣದ ರತ್ನಗಂಬಳಿ ಇರುತ್ತದೆ. ನಮ್ಮ ಮಕ್ಕಳಿಗೆ ನಾವು ಹೇಳಿಕೊಟ್ಟ ನಿಯಮ ಒಂದೇ: ಕಲ್ಲಿನ ಮೇಲೆ ನಡೆಯಿರಿ, ಗಂಬಳಿಯ ಮೇಲೆ ಕಾಲಿಡಬೇಡಿ. ಎಂಟು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ. ಆದರೂ ಹಣ ಹಾಕಿ ಗುಂಡಿ ಒತ್ತಿ ಜೂಜಾಡುವ ಸ್ಲಾಟ್ ಯಂತ್ರವೊಂದು ಗಂಟೆ ಬಾರಿಸಿ, ಪರದೆಯ ತುಂಬ ಚಿನ್ನದ ನಾಣ್ಯ ಸುರಿಸತೊಡಗಿದರೆ ಮಗುವಿನ ಕಾಲು ತಾನಾಗಿ ನಿಲ್ಲುತ್ತದೆ, ಕೈ ಹೊಳೆಯುವ ಗುಂಡಿಯತ್ತ ಚಾಚುತ್ತದೆ. ಅಷ್ಟರಲ್ಲಿ ಎಲ್ಲಿಂದಲೋ ಕಾವಲುಗಾರರು ಬಂದು ಮರ್ಯಾದೆಯಿಂದಲೇ, ಆದರೆ ಎರಡನೆಯ ಮಾತಿಗೆ ಎಡೆಯಿಲ್ಲದಂತೆ, ಮುಂದೆ ನಡೆಯಿರಿ ಎಂದು ಹೇಳುತ್ತಾರೆ. ಅವರ ಮೇಲೆ ಬೇಸರಪಡಬೇಡಿ. ಅಪ್ರಾಪ್ತರನ್ನು ಅಲ್ಲಿ ನಿಲ್ಲಗೊಟ್ಟರೆ ತೊಂದರೆಗೆ ಸಿಕ್ಕಿಕೊಳ್ಳುವುದು ಕ್ಯಾಸಿನೊದ ಪರವಾನಗಿಯೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡುತ್ತೇನೆ. ಮಗುವಿನ ಕೈ ಅದೃಷ್ಟದ್ದೆಂದು ಗುಂಡಿಯನ್ನು ಮಗುವಿನಿಂದ ಒತ್ತಿಸುವವರಿದ್ದಾರೆ. 21 ತುಂಬದವರು ನೆವಾಡಾದಲ್ಲಿ ಆಡುವುದಷ್ಟೇ ಅಲ್ಲ, ಗೆದ್ದ ಹಣವನ್ನು ತಾವಾಗಲಿ ಬೇರೊಬ್ಬರ ಮೂಲಕವಾಗಲಿ ಪಡೆಯುವುದನ್ನೂ ಕಾನೂನು ನಿಷೇಧಿಸಿದೆ. ದೊಡ್ಡ ಮೊತ್ತ ಬಂದಾಗ ಗುರುತಿನ ಪತ್ರ ಕೇಳುತ್ತಾರೆ, ಕ್ಯಾಮೆರಾದ ದೃಶ್ಯ ನೋಡುತ್ತಾರೆ. ಗುಂಡಿ ಒತ್ತಿದ್ದು ಮಗುವೆಂದು ಕಂಡರೆ ಹಣ ಸಿಗುವುದಿಲ್ಲ, ಮೇಲೆ ದಂಡನೆಯ ಭಯ ಬೇರೆ.

ಹೋಟೆಲುಗಳಲ್ಲಿಯೂ ಒಂದೊಂದರದು ಒಂದೊಂದು ನೀತಿ. 1993ರಲ್ಲಿ ಎಂಜಿಎಂ ಗ್ರ್ಯಾಂಡ್ ಹೋಟೆಲು ತನ್ನದೇ ಮನರಂಜನಾ ಉದ್ಯಾನದೊಂದಿಗೆ ತೆರೆದಾಗ, ಆ ಊರು ಮಕ್ಕಳಿರುವ ಕುಟುಂಬಗಳನ್ನೇ ಕರೆಯುವ ಹುಮ್ಮಸ್ಸಿನಲ್ಲಿತ್ತು. ಆ ಉದ್ಯಾನ ಹತ್ತು ವರ್ಷ ಪೂರೈಸುವ ಮೊದಲೇ ಮುಚ್ಚಿತು, ಊರಿನ ಧೋರಣೆಯೂ ಬದಲಾಯಿತು. 2020ರಲ್ಲಿ ತೆರೆದ ಸರ್ಕಾ ಎಂಬ ಹೋಟೆಲಿನೊಳಗೆ 21 ತುಂಬದವರಿಗೆ ಪ್ರವೇಶವೇ ಇಲ್ಲ. ಇನ್ನೊಂದು ಕಡೆ, 1968ರಿಂದ ನಡೆಯುತ್ತಿರುವ ಸರ್ಕಸ್ ಸರ್ಕಸ್ ಹೋಟೆಲ್‌ನಲ್ಲಿ ಚಾವಣಿಯಡಿಯ ಅಡ್ವೆಂಚರ್‌ಡೋಮ್ ಉದ್ಯಾನ ಇಂದಿಗೂ ಮಕ್ಕಳಿಗಾಗಿಯೇ ಇದೆ. ಕೋಣೆ ಕಾಯ್ದಿರಿಸುವ ಮೊದಲು ಮಕ್ಕಳ ಬಗೆಗಿನ ನಿಯಮವನ್ನೂ, ಮಗುವನ್ನು ಕೂರಿಸುವ ತಳ್ಳುಗಾಡಿ ತರಬಹುದೇ ಎಂಬುದನ್ನೂ ಕೇಳಿಕೊಳ್ಳಿ.

ಹೊಗೆಯ ವಿಚಾರವನ್ನು ಯಾರೂ ಮುಂಚೆ ಹೇಳುವುದಿಲ್ಲ. ನೆವಾಡಾದಲ್ಲಿ 2006ರಲ್ಲಿ ಒಳಾಂಗಣ ಧೂಮಪಾನಕ್ಕೆ ಕಡಿವಾಣ ಹಾಕಿದ ಕಾನೂನು ಜೂಜಿನ ಅಂಗಳಕ್ಕೆ ವಿನಾಯಿತಿ ನೀಡಿದೆ. ಪಾರ್ಕ್ ಎಂಜಿಎಂ ಎಂಬ ಹೋಟೆಲು 2020ರಲ್ಲಿ ಹೊಗೆಮುಕ್ತವಾಗಿ ಮತ್ತೆ ತೆರೆದದ್ದು ಸುದ್ದಿಯಾಯಿತು ಎಂದರೆ ಉಳಿದ ಕಡೆಗಳ ಸ್ಥಿತಿ ನೀವೇ ಊಹಿಸಿಕೊಳ್ಳಿ. ಮಕ್ಕಳಿಗಾಗಲಿ ನಿಮ್ಮ ಅತ್ತೆಯವರಿಗಾಗಲಿ ಉಬ್ಬಸದ ತೊಂದರೆಯಿದ್ದರೆ, ದಿನಕ್ಕೆ ಹಲವು ಬಾರಿ ಆ ಹೊಗೆಯನ್ನು ದಾಟಿ ಲಿಫ್ಟಿಗೆ ಹೋಗಬೇಕಾಗುತ್ತದೆಂಬುದು ಲೆಕ್ಕದಲ್ಲಿರಲಿ.

ಉತ್ತರ: ಕಡಲಂಚು

ಹಾಲುಹಾದಿಯವರು ಕಾನೂನನ್ನು ಚೆನ್ನಾಗಿ ವಿವರಿಸಿದ್ದಾರೆ. ನನಗೆ ಹೆಚ್ಚು ಆತಂಕ ತಂದದ್ದು ಎರಡನೆಯ ಸಲಹೆ, ಮಕ್ಕಳನ್ನು ಗೇಮ್ ವಿಭಾಗದಲ್ಲಿ ಬಿಟ್ಟು ಹೋಗಬಹುದೆಂಬುದು. ದಯವಿಟ್ಟು ಇದನ್ನು ಮಾಡಬೇಡಿ, ಯಾರು ಎಷ್ಟೇ ಧೈರ್ಯ ಹೇಳಿದರೂ ಮಾಡಬೇಡಿ.

1997ರಲ್ಲಿ ನೆವಾಡಾದ ಗಡಿಯ ಪ್ರಿಮ್ ಎಂಬಲ್ಲಿನ ಕ್ಯಾಸಿನೊದಲ್ಲಿ, ತಂದೆ ಜೂಜಾಡುತ್ತಿದ್ದ ನಸುಕಿನ ಹೊತ್ತಿನಲ್ಲಿ, ಗೇಮ್ ವಿಭಾಗದಲ್ಲಿ ಆಡಿಕೊಂಡಿದ್ದ ಏಳು ವರ್ಷದ ಮಗುವಿನ ಕೊಲೆಯಾಯಿತು. ಇಡೀ ಅಮೆರಿಕವನ್ನು ನಡುಗಿಸಿದ ಪ್ರಕರಣವದು. ಕ್ಯಾಸಿನೊಗಳಲ್ಲಿ ಒಂಟಿ ಮಕ್ಕಳ ಬಗ್ಗೆ ಕಟ್ಟುನಿಟ್ಟಿನ ನಿಯಮಗಳಿಗೆ ಒತ್ತಾಯ ಹುಟ್ಟಿದ್ದೂ ಅದರಿಂದಲೇ. ನಿಮ್ಮನ್ನು ಹೆದರಿಸಲೆಂದು ಇದನ್ನು ಬರೆಯುತ್ತಿಲ್ಲ. ಗೇಮ್ ವಿಭಾಗದ ಸಿಬ್ಬಂದಿ ಯಂತ್ರ ಕೆಟ್ಟರೆ ಸರಿಪಡಿಸುತ್ತಾರೆ, ಬಹುಮಾನ ಕೊಡುತ್ತಾರೆ. ಯಾರ ಮಗು ಯಾರ ಜೊತೆ ಹೊರಗೆ ಹೋಯಿತೆಂದು ನೋಡುವುದು ಅವರ ಕೆಲಸವಲ್ಲ. ಆ ಕಟ್ಟಡದೊಳಗೆ ಹಗಲಿರುಳೂ ಸಾವಿರಾರು ಅಪರಿಚಿತರು ಓಡಾಡುತ್ತಾರೆ, ಅವರಲ್ಲಿ ಹಲವರು ಕುಡಿದಿರುತ್ತಾರೆ. ಕೆಲವು ಕಡೆ ಗಂಟೆಯ ಲೆಕ್ಕದಲ್ಲಿ ಮಕ್ಕಳನ್ನು ನೋಡಿಕೊಳ್ಳುವ, ಹೆಸರು ನೋಂದಾಯಿಸಿ ಒಪ್ಪಿಸಿದವರಿಗೇ ಮರಳಿ ಒಪ್ಪಿಸುವ ಶಿಶುಪಾಲನಾ ಕೇಂದ್ರಗಳಿವೆ. ಅವು ಬೇರೆ, ಗೇಮ್ ವಿಭಾಗ ಬೇರೆ.

ಮಲಗಿದ ಮಗುವನ್ನು ಕಾರಿನಲ್ಲಿಯೇ ಬಿಟ್ಟು ಹತ್ತು ನಿಮಿಷ ಹೋಗಿಬರುತ್ತೇನೆ ಎನ್ನುವವರ ಬಗ್ಗೆಯೂ ಹೇಳಲೇಬೇಕು. ಮರುಭೂಮಿಯ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗಿನ ಶಾಖ ನಿಮಿಷಗಳಲ್ಲಿ ಪ್ರಾಣಾಪಾಯದ ಮಟ್ಟಕ್ಕೇರುತ್ತದೆ. ಜೂಜಿನ ಅಂಗಳದಲ್ಲಿ ಗಡಿಯಾರ ಕಾಣುವುದು ಅಪರೂಪ, ಹೊರಗಿನ ಬೆಳಕು ಬರುವ ಕಿಟಕಿಯೂ ವಿರಳ. ಅಲ್ಲಿ ಹತ್ತು ನಿಮಿಷ ಒಂದು ಗಂಟೆಯಾಗುವುದು ಗೊತ್ತೇ ಆಗುವುದಿಲ್ಲ.

ನಿಮ್ಮ ಯಜಮಾನರ ಆಸೆಯನ್ನು ತಡೆಯಬೇಕಿಲ್ಲ. ಆಟಕ್ಕೆ ಹೋಗುವುದು ಒಂದು ಬಾರಿಗೆ ಒಬ್ಬರೇ ಎಂದು ಇಟ್ಟುಕೊಳ್ಳಿ. ಎದ್ದು ಬರುವ ಸಮಯವನ್ನು ಹೋಗುವ ಮೊದಲೇ ಇಬ್ಬರೂ ಒಪ್ಪಿಕೊಂಡು ಮೊಬೈಲಿನಲ್ಲಿ ಅಲಾರಂ ಇಡಿ. ಗೆಲ್ಲುತ್ತಿದ್ದರೂ ಸೋಲುತ್ತಿದ್ದರೂ ಅದು ಹೊಡೆದುಕೊಂಡಾಗ ಏಳಬೇಕು. ಗೆಲ್ಲುವಾಗ ಏಳುವುದೇ ಹೆಚ್ಚು ಕಷ್ಟವೆಂಬುದು ನನ್ನ ಅನುಭವ. ಇನ್ನೊಂದು ಮಾತನ್ನು ಸ್ವಲ್ಪ ಸಲಿಗೆಯಿಂದ ಹೇಳುತ್ತೇನೆ. ಅತ್ತೆಯವರು ಹೇಗೂ ಇರುತ್ತಾರಲ್ಲ, ಮಕ್ಕಳನ್ನು ಅವರ ಬಳಿ ಬಿಡೋಣ ಎಂದು ಎಲ್ಲರೂ ತಾವಾಗಿಯೇ ನಿರ್ಧರಿಸಿಬಿಡುತ್ತಾರೆ. ಅವರೂ ಪ್ರವಾಸಕ್ಕೇ ಬಂದವರು. ಭಾಷೆ ಬಾರದ ಊರಿನಲ್ಲಿ, ನಿದ್ದೆಯ ಹೊತ್ತು ಏರುಪೇರಾಗಿರುವಾಗ, ಇಬ್ಬರು ಮಕ್ಕಳೊಂದಿಗೆ ಇಪ್ಪತ್ತನೆಯ ಮಹಡಿಯ ಕೋಣೆಯಲ್ಲಿ ಕುಳಿತಿರುವುದು ಅವರಿಗೆ ಹಿಂಸೆಯಾಗಬಹುದು. ಅವರನ್ನೇ ಕೇಳಿ, ಅವರು ಮನಃಪೂರ್ವಕವಾಗಿ ಒಪ್ಪಿದರೆ ಮಾತ್ರ ಹಾಗೆ ಮಾಡಿ.

ಮಕ್ಕಳ ಜೇಬಿನಲ್ಲಿ ಹೋಟೆಲಿನ ಹೆಸರು ಮತ್ತು ನಿಮ್ಮ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ. ಕೋಣೆಯ ಸಂಖ್ಯೆಯನ್ನು ಅದರಲ್ಲಿ ಬರೆಯಬೇಡಿ, ಬಾಯಿಪಾಠ ಮಾಡಿಸಿ. ದೊಡ್ಡ ಮಗನಿಗೂ ಒಂದು ಎಚ್ಚರಿಕೆ: ಸ್ಟ್ರಿಪ್ ಎಂದು ಕರೆಯುವ ಮುಖ್ಯ ಬೀದಿಯಲ್ಲಿ ಶುಕ್ರವಾರ, ಶನಿವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ರಾತ್ರಿ 9ರ ನಂತರ 18 ತುಂಬದವರು ಹಿರಿಯರಿಲ್ಲದೆ ಓಡಾಡುವಂತಿಲ್ಲ.

ದೂರದಾರಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಡಲಂಚು ಅವರು ಅತ್ತೆಯವರ ಬಗ್ಗೆ ಬರೆದ ಮಾತನ್ನು ಓದಿ ಅವರನ್ನೇ ಕೇಳಿದೆ. ತಮಗೆ ಬೆಲ್ಲಾಜಿಯೊ ಹೋಟೆಲಿನ ಕಾರಂಜಿ ನೋಡಬೇಕೆಂಬ ಆಸೆಯಿದೆಯೆಂದೂ, ಕೋಣೆಯಲ್ಲಿ ಕೂರಲು ಅಷ್ಟು ದೂರ ಬರುವುದಿಲ್ಲವೆಂದೂ ಅವರು ನೇರವಾಗಿ ಹೇಳಿದರು. ಆದ್ದರಿಂದ ಯಜಮಾನರು ಆಡಲು ಹೋಗುವ ಸಂಜೆ ನಾವೆಲ್ಲ ಕಾರಂಜಿ ನೋಡಲು ಹೋಗುವುದೆಂದು ತೀರ್ಮಾನವಾಯಿತು.

ಉಳಿದಿರುವುದು ಮಗನ ಪ್ರಶ್ನೆಗಳು. ಜೂಜು ಕೆಟ್ಟದ್ದಾದರೆ ಅಪ್ಪ ಏಕೆ ಆಡುತ್ತಾರೆ, ಒಳ್ಳೆಯದಾದರೆ ನಾನೇಕೆ ನೋಡಬಾರದು ಎಂದು ಈಗಲೇ ಕೇಳುತ್ತಿದ್ದಾನೆ. ದೊಡ್ಡವನಾದ ಮೇಲೆ ತಿಳಿಯುತ್ತದೆ ಎಂದು ಹೇಳಿ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ.

ಉತ್ತರ: ಲೆಕ್ಕಿಗ

ನಾನು ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುವವನು. ನಿಮ್ಮ ಮಗನ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಉಪದೇಶದಲ್ಲಿಲ್ಲ, ಲೆಕ್ಕದಲ್ಲಿದೆ. ಹದಿನಾಲ್ಕರ ಹುಡುಗನಿಗೆ ಅದು ಪೂರ್ತಿ ಅರ್ಥವಾಗುತ್ತದೆ.

ರೂಲೆಟ್ ಎಂದರೆ, ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಯಲ್ಲಿ ಬೀಳುತ್ತದೆಂದು ಹಣ ಕಟ್ಟುವ ಆಟ. ಒಂದು ಹಾಳೆಯ ಮೇಲೆ ಆ ಚಕ್ರವನ್ನು ಬರೆಯಿರಿ. ಅಮೆರಿಕದ ಚಕ್ರದಲ್ಲಿ ಅರ್ಧ ಕೆಂಪು, ಅರ್ಧ ಕಪ್ಪು ಬಣ್ಣದ 1ರಿಂದ 36ರವರೆಗಿನ ಅಂಕಿಗಳು, ಜೊತೆಗೆ ಒಂದು ಸೊನ್ನೆ, ಇನ್ನೊಂದು ಜೋಡಿ ಸೊನ್ನೆ, ಒಟ್ಟು 38 ಮನೆಗಳಿರುತ್ತವೆ. ಈಗ ಪ್ರತಿ ಮನೆಯ ಮೇಲೂ ಒಂದೊಂದು ಡಾಲರ್ ಇಡಲು ಮಗನಿಗೆ ಹೇಳಿ. ಅವನ ಕೈಯಿಂದ 38 ಡಾಲರ್ ಹೋಯಿತು. ಚೆಂಡು ಯಾವುದೋ ಒಂದು ಮನೆಯಲ್ಲಿ ಬೀಳಲೇಬೇಕು. ಅಂದರೆ ಅವನು ಗೆದ್ದೇ ಗೆಲ್ಲುತ್ತಾನೆ. ಒಂದಕ್ಕೆ 35ರಂತೆ ಗೆಲುವು, ಜೊತೆಗೆ ಇಟ್ಟಿದ್ದ ಒಂದು ಡಾಲರ್ ವಾಪಸು, ಒಟ್ಟು 36 ಕೈಗೆ ಬರುತ್ತದೆ. ಎಲ್ಲ ಮನೆಗಳ ಮೇಲೂ ಹಣವಿಟ್ಟು, ಗೆದ್ದು, ಅವನು ಎರಡು ಡಾಲರ್ ಕಳೆದುಕೊಂಡಿದ್ದಾನೆ. ಆ ಎರಡು ಡಾಲರ್ ಇಡೀ ಕ್ಯಾಸಿನೊವನ್ನು ಕಟ್ಟಿದ ಹಣ. ಶೇಕಡಾವಾರು ಹೇಳುವುದಾದರೆ 5.26. ಒಂದೇ ಸೊನ್ನೆಯಿರುವ ಯುರೋಪಿನ ಚಕ್ರದಲ್ಲಿ ಇದು 2.70, ಈಚೆಗೆ ಲಾಸ್ ವೇಗಸ್‌ನ ಹಲವು ಮೇಜುಗಳಲ್ಲಿ ಬಂದಿರುವ ಮೂರು ಸೊನ್ನೆಯ ಚಕ್ರದಲ್ಲಿ 7.69. ಮೂರರಲ್ಲಿಯೂ ಗೆದ್ದವರಿಗೆ ಕೊಡುವುದು ಅದೇ 35.

ಇಷ್ಟನ್ನು ಮಗ ತಾನೇ ಕೂಡಿಸಿ ಕಳೆದು ಕಂಡುಕೊಂಡ ಮೇಲೆ, ಅಪ್ಪ ಏಕೆ ಆಡುತ್ತಾರೆ ಎಂಬುದಕ್ಕೆ ಅಪ್ಪನೇ ಉತ್ತರಿಸಲಿ. ಚಲನಚಿತ್ರದ ಟಿಕೆಟ್ಟಿಗೆ ಕೊಟ್ಟ ಹಣವನ್ನು ಮರಳಿ ಬರುವುದೆಂದು ಯಾರೂ ಕಾಯುವುದಿಲ್ಲ. ಈ ಹಣವೂ ಹಾಗೆಯೇ, ಹೋಗುವುದೆಂದು ತಿಳಿದೇ ಎತ್ತಿಟ್ಟದ್ದು ಎಂದು ಅವರು ಹೇಳಬಲ್ಲರಾದರೆ ಹುಡುಗ ಒಪ್ಪುತ್ತಾನೆ. ಆದರೆ ಮೇಜಿನಿಂದ ಬಂದ ಮೇಲೆ ಮೊತ್ತವನ್ನು ಮುಚ್ಚಿಡಬಾರದು. ಗೆದ್ದ ದಿನ ಮಾತ್ರ ಹೇಳಿ, ಸೋತ ದಿನ ಸುಮ್ಮನಿದ್ದರೆ ಮಕ್ಕಳ ಲೆಕ್ಕದಲ್ಲಿ ಅಪ್ಪ ಸದಾ ಗೆಲ್ಲುವವರೇ ಆಗುತ್ತಾರೆ.

ತಾನೇಕೆ ನೋಡಬಾರದು ಎಂಬುದಕ್ಕೂ ಕಾರಣವಿದೆ. ಜೂಜಿನ ಗೀಳನ್ನು 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಜೊತೆಗೇ ವರ್ಗೀಕರಿಸಿತು. ಸಣ್ಣ ವಯಸ್ಸಿನಲ್ಲಿ ಆರಂಭಿಸಿದವರು ಮುಂದೆ ಇದರಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಹುಡುಗರ ಮನಸ್ಸು ಸೋಲನ್ನು, ಇನ್ನೇನು ಗೆದ್ದೇಬಿಡುತ್ತಿದ್ದೆ ಎಂದು ಓದಿಕೊಳ್ಳುತ್ತದೆ. ದೊಡ್ಡವರೂ ಇದಕ್ಕೆ ಹೊರತಲ್ಲ. 1913ರ ಆಗಸ್ಟ್ 18ರಂದು ಯುರೋಪಿನ ಮೊನಾಕೊ ದೇಶದ ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ ಚೆಂಡು ಸತತವಾಗಿ 26 ಬಾರಿ ಕಪ್ಪು ಮನೆಗಳಲ್ಲೇ ಬಿತ್ತು. ಇನ್ನು ಕೆಂಪು ಬರಲೇಬೇಕೆಂದು ಜನ ಪ್ರತಿ ಸಲವೂ ಹೆಚ್ಚು ಹೆಚ್ಚು ಹಣವನ್ನು ಕೆಂಪಿನ ಮೇಲೆ ಸುರಿದು ಕಳೆದುಕೊಂಡರು. ಹಿಂದಿನ ಸುತ್ತಿನಲ್ಲಿ ಏನು ಬಿತ್ತೆಂಬುದು ಚೆಂಡಿಗೆ ತಿಳಿಯದು. ನನ್ನ ತರಗತಿಯಲ್ಲಿ ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಚೆನ್ನಾಗಿ ಹಿಡಿಸಿದ ಉದಾಹರಣೆ ಬೇರೊಂದಿಲ್ಲ.

ಕೊನೆಯದಾಗಿ, ಅವನ ಮೊಬೈಲಿನತ್ತಲೂ ನೋಡಿ. ಹಣ ಕೊಟ್ಟು ಪೆಟ್ಟಿಗೆ ತೆರೆದು ಒಳಗೇನಿದೆಯೋ ಎಂದು ಕಾಯುವ ಆಟಗಳನ್ನು ಅವನು ಆಡುತ್ತಿದ್ದರೆ, ಅದನ್ನು 2018ರಲ್ಲಿಯೇ ಬೆಲ್ಜಿಯಂ ದೇಶದ ಅಧಿಕಾರಿಗಳು ಜೂಜೆಂದು ಪರಿಗಣಿಸಿದರು. ಕ್ಯಾಸಿನೊದ ಬಾಗಿಲಲ್ಲಿ ಕಾವಲುಗಾರರಾದರೂ ಇರುತ್ತಾರೆ. ಈ ಮಾತುಕತೆಯನ್ನು ಅಲ್ಲಿಂದಲೇ ಆರಂಭಿಸುವುದು ನಿಮಗೆ ಸುಲಭವಾಗಬಹುದು.

ಉತ್ತರ: ಹಾಲುಹಾದಿ

ಮತ್ತೆರಡು ವಿಷಯಗಳು ಬಿಟ್ಟುಹೋಗಿದ್ದವು. ಇದೇ ಪ್ರಶ್ನೆಯನ್ನು ಬೇರೆ ಊರುಗಳಿಗೆ ಹೊರಟವರೂ ಓದಬಹುದಾದ್ದರಿಂದ ಬರೆಯುತ್ತಿದ್ದೇನೆ. ಲಾಸ್ ವೇಗಸ್‌ನಲ್ಲಿ ದಾಟಿಹೋಗಲು ಇರುವ ಅವಕಾಶ ಎಲ್ಲ ಕಡೆಯೂ ಇರುತ್ತದೆಂದು ಭಾವಿಸಬೇಡಿ. ಸಿಂಗಾಪುರದ ಮರೀನಾ ಬೇ ಸ್ಯಾಂಡ್ಸ್ ಮತ್ತು ರಿಸಾರ್ಟ್ಸ್ ವರ್ಲ್ಡ್ ಸೆಂಟೋಸಾದಲ್ಲಿ ಕ್ಯಾಸಿನೊಕ್ಕೆ ಪ್ರತ್ಯೇಕ ದ್ವಾರವಿದ್ದು, ಅಲ್ಲಿಯೇ ಪಾಸ್‌ಪೋರ್ಟ್ ಪರೀಕ್ಷಿಸುತ್ತಾರೆ. 21 ತುಂಬದವರು ಒಳಗೆ ಹೆಜ್ಜೆ ಇಡುವಂತಿಲ್ಲ. ಮಕ್ಕಳಿರುವವರಿಗೆ ನಿಜವಾಗಿ ಈ ಏರ್ಪಾಡೇ ಅನುಕೂಲ, ಏಕೆಂದರೆ ಉಳಿದ ಇಡೀ ಜಾಗದಲ್ಲಿ ನಿಶ್ಚಿಂತೆಯಿಂದ ಓಡಾಡಬಹುದು. ಚೀನಾದ ಮಕಾವ್‌ನಲ್ಲಿ ಮೊದಲು 18 ಇದ್ದ ಮಿತಿಯನ್ನು 2012ರ ನವೆಂಬರ್‌ನಿಂದ 21ಕ್ಕೆ ಏರಿಸಿದ್ದಾರೆ. ಮಾಂಟೆ ಕಾರ್ಲೊದಲ್ಲಿ ಜೂಜಿಗೆ 18 ಸಾಕು; ಆಟ ಆರಂಭವಾಗುವ ಮೊದಲು, ಬೆಳಗಿನ ಹೊತ್ತಿನಲ್ಲಿ ಟಿಕೆಟ್ ಪಡೆದು ಆ ಹಳೆಯ ಕಟ್ಟಡದ ಒಳಾಂಗಣವನ್ನು ಮಕ್ಕಳೊಂದಿಗೇ ನೋಡಿಬರುವ ವ್ಯವಸ್ಥೆಯೂ ಅಲ್ಲಿದೆ.

ಎರಡನೆಯದು ದೂರದಾರಿಯವರಿಗೆ. ಕೋಣೆ ಇನ್ನೂ ಕಾಯ್ದಿರಿಸಿಲ್ಲವಾದರೆ ವಡಾರಾದಂತಹ, ತನ್ನೊಳಗೆ ಕ್ಯಾಸಿನೊ ಇಲ್ಲದ, ಧೂಮಪಾನಕ್ಕೂ ಅವಕಾಶವಿಲ್ಲದ ಹೋಟೆಲನ್ನು ನೋಡಿ. ಅಲ್ಲಿಂದ ಬೆಲ್ಲಾಜಿಯೊಕ್ಕೆ ಕಾಲ್ನಡಿಗೆಯ ದಾರಿಯಿದೆ. ಅತ್ತೆಯವರಿಗೂ ಹೆಚ್ಚು ಆಯಾಸವಾಗದು. ಕಾರಂಜಿ ನೋಡಲು ಟಿಕೆಟ್ ಇಲ್ಲ, ಬೀದಿಯ ಬದಿಯ ಕಟಕಟೆಯ ಬಳಿ ನಿಂತು ನೋಡಬಹುದು. ಸಂಜೆ ಪ್ರದರ್ಶನಗಳ ನಡುವಿನ ಅಂತರ ಕಡಿಮೆಯಿರುವುದರಿಂದ ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಗಾಳಿ ಜೋರಾಗಿರುವ ದಿನ ಮಾತ್ರ ನಿಲ್ಲಿಸುತ್ತಾರೆ, ಆದ್ದರಿಂದ ಇದನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳದೆ ಮೊದಲ ಸಂಜೆಯೇ ಮುಗಿಸಿಕೊಳ್ಳಿ.